ಕ್ಷಣ ಕೊಡುವ ಕೊಡೆ, ಕ್ಷಣ ಕೇಳುವ ಕ್ಯಾಮೆರಾ

ದುಬೈಗೆ ಹೋಗಿಬಂದ ನೆಂಟರ ಹುಡುಗ ಮೊಬೈಲ್ ತೆಗೆದು ವಿಡಿಯೊ ತೋರಿಸುತ್ತಾನೆ. ವಿಮಾನದ ತೆರೆದ ಬಾಗಿಲು, ಕೆಳಗೆ ಖರ್ಜೂರದ ಮರದಾಕಾರದ ದ್ವೀಪ, ಮರುಗಳಿಗೆಯಲ್ಲಿ ಗಾಳಿಗೆ ಕೆನ್ನೆ ಪಟಪಟ ಬಡಿಯುತ್ತಿರುವ ಅವನದೇ ಮುಖ. ಮನೆಮಂದಿಯೆಲ್ಲ ಅವನ ಧೈರ್ಯವನ್ನು ಹೊಗಳುತ್ತಾರೆ. ಮೂಲೆಯಲ್ಲಿ ಕುಳಿತ ಅಜ್ಜಿ ಮಾತ್ರ ಕೇಳಬೇಕಾದ್ದನ್ನು ಕೇಳುತ್ತಾರೆ: "ಇದನ್ನ ತೆಗೆದೋರು ಯಾರಪ್ಪ? ಅವರೂ ಬೀಳ್ತಾ ಇದ್ರಾ?"

ಹೌದು, ಅವರೂ ಬೀಳುತ್ತಿದ್ದರು. ಹುಡುಗನಿಗಿಂತ ಅರೆಗಳಿಗೆ ಮೊದಲೇ ವಿಮಾನದ ಹೊರಗೆ ಬಂದು, ಬಾಗಿಲ ಪಕ್ಕದ ಹಿಡಿಕೆಗೆ ಜೋತುಬಿದ್ದು ಕಾದಿದ್ದರು. ಅವನು ಹೊರಬಿದ್ದೊಡನೆ ಕೈಬಿಟ್ಟು, ಅವನಷ್ಟೇ ವೇಗದಲ್ಲಿ, ಅವನಿಗೆ ಎದುರಾಗಿ ಇಳಿದರು. ಅವನ ಪ್ಯಾರಾಚೂಟ್ ತೆರೆದ ಮೇಲೆ ತಮ್ಮದನ್ನು ತೆರೆದು, ಅವನಿಗಿಂತ ಮುಂಚೆ ನೆಲ ಮುಟ್ಟಿ, ಅವನು ಇಳಿಯುವುದನ್ನೂ ಸೆರೆಹಿಡಿದರು. ಸ್ಕೈಡೈವಿಂಗ್ ಎಂದರೆ ನಮ್ಮ ಕಣ್ಣಮುಂದೆ ಬರುವ ಚಿತ್ರಗಳನ್ನೆಲ್ಲ ಇಂಥವರ ಹೆಲ್ಮೆಟ್ ಮೇಲಿನ ಕ್ಯಾಮೆರಾ ಕೊಟ್ಟಿದೆ. ಆ ಕ್ಯಾಮೆರಾ ಹೊತ್ತವನಿಂದ ಏನನ್ನು ಕೇಳುತ್ತದೆ ಎಂಬುದನ್ನು ಅರಿಯಬೇಕಾದರೆ, ಅವನ ಬೆನ್ನ ಮೇಲಿರುವುದೇನು ಎಂದು ಮೊದಲು ನೋಡಬೇಕು.

ಲೆಕ್ಕ ಸರಳವಾಗಿದೆ. ಸಾಮಾನ್ಯವಾಗಿ ಸುಮಾರು 4000 ಮೀಟರ್ ಎತ್ತರದಿಂದ ಹಾರುತ್ತಾರೆ. ಮೊದಲ ಹತ್ತು ಸೆಕೆಂಡಿನಲ್ಲಿ ದೇಹ ಸುಮಾರು 300 ಮೀಟರ್ ಇಳಿಯುತ್ತದೆ. ಆಮೇಲೆ ಭೂಮಿಯ ಸೆಳೆತವೂ ಗಾಳಿಯ ತಡೆಯೂ ಸರಿಸಮವಾಗಿ, ಹೊಟ್ಟೆ ಕೆಳಗಾಗಿ ಬೀಳುವವನ ವೇಗ ಗಂಟೆಗೆ ಸುಮಾರು 190ರಿಂದ 200 ಕಿಲೋಮೀಟರಿಗೆ ನಿಲ್ಲುತ್ತದೆ. ಅಂದರೆ ಸೆಕೆಂಡಿಗೆ 55 ಮೀಟರ್. ಒಟ್ಟು ಪತನ ಒಂದು ನಿಮಿಷದ ಆಸುಪಾಸು. ನೆಲ ಇನ್ನೂ 900 ಮೀಟರ್ ದೂರವಿದೆ ಎಂದರೆ ಕೇಳಲು ಬಹಳ ಅನಿಸುತ್ತದೆ. ಪ್ಯಾರಾಚೂಟ್ ಇಲ್ಲದೆ ಬೀಳುವವನಿಗೆ ಅದು 16 ಸೆಕೆಂಡು. ಆದ್ದರಿಂದಲೇ ಈ ಕ್ರೀಡೆಯ ಪ್ರತಿಯೊಂದು ಸಲಕರಣೆಯನ್ನೂ ಒಂದೇ ಅಳತೆಗೋಲಿನಿಂದ ನೋಡಬೇಕು: ಅದು ಮನುಷ್ಯನಿಗೆ ಎಷ್ಟು ಕ್ಷಣಗಳನ್ನು ಉಳಿಸಿಕೊಡುತ್ತದೆ?

1797ರ ಅಕ್ಟೋಬರ್ 22ರಂದು ಪ್ಯಾರಿಸ್‌ನಲ್ಲಿ ಆಂದ್ರೆ ಜಾಕ್ ಗಾರ್ನರಾ ಬಲೂನಿನಿಂದ ಬೇರ್ಪಟ್ಟು ಇಳಿದದ್ದು ದೊಡ್ಡ ಕೊಡೆಯಂಥ ಪ್ಯಾರಾಚೂಟಿನಲ್ಲಿ. ಅದು ಗಾಳಿಯಲ್ಲಿ ತೊಟ್ಟಿಲಿನಂತೆ ತೂಗಾಡಿತು, ಆದರೆ ಅವನನ್ನು ಬದುಕಿಸಿತು. ಕೊಡೆ ಬಿಚ್ಚಿಕೊಳ್ಳುವ ಮುನ್ನ ಮನುಷ್ಯ ಒಂದಷ್ಟು ದೂರ ಸುಮ್ಮನೆ ಬೀಳಬಲ್ಲನೇ ಎಂಬ ಅನುಮಾನ ಮುಂದೆ ಬಹುಕಾಲ ಉಳಿದಿತ್ತು. ಬಿದ್ದರೆ ಪ್ರಜ್ಞೆ ತಪ್ಪುತ್ತದೆ ಎಂದೇ ಹಲವರು ನಂಬಿದ್ದರು. 1919ರ ಏಪ್ರಿಲ್ 28ರಂದು ಅಮೆರಿಕದ ಒಹಾಯೊದಲ್ಲಿ ಲೆಸ್ಲಿ ಇರ್ವಿನ್ ವಿಮಾನದಿಂದ ಧುಮುಕಿ, ಬೀಳುತ್ತಲೇ ಹಗ್ಗವನ್ನು ಸ್ವತಃ ಎಳೆದು, ಆ ನಂಬಿಕೆ ಸುಳ್ಳೆಂದು ತೋರಿಸಿದ. ತೆರೆಯುವ ಹೊತ್ತನ್ನು ಹಾರುವವನೇ ನಿರ್ಧರಿಸುವ ಅಧಿಕಾರ ಬಂದದ್ದು ಹೀಗೆ. ಜೊತೆಗೆ, ಎಳೆಯಲು ಮರೆಯದಿರುವ ಹೊಣೆಯೂ ಬಂತು.

ಇಂದಿನ ಪ್ಯಾರಾಚೂಟ್ ಕೊಡೆಯಂತಿಲ್ಲ, ರೆಕ್ಕೆಯಂತಿದೆ. ಗಾಳಿಪಟ ಮಾಡುತ್ತಿದ್ದ ಡೊಮಿನಾ ಜಾಲ್ಬರ್ಟ್ 1960ರ ದಶಕದಲ್ಲಿ ರೂಪಿಸಿದ ವಿನ್ಯಾಸವಿದು. ಎರಡು ಪದರ ಬಟ್ಟೆ, ನಡುವೆ ದಿಂಬಿನ ಗವಸುಗಳನ್ನು ಸಾಲಾಗಿ ಹೊಲಿದಂತೆ ಕೋಶಗಳು. ಕೋಶಗಳ ಮುಂಬಾಯಿ ತೆರೆದಿರುತ್ತದೆ. ಗಾಳಿ ನುಗ್ಗಿ ತುಂಬಿಕೊಂಡೊಡನೆ ಬಟ್ಟೆಯೇ ಗಟ್ಟಿ ರೆಕ್ಕೆಯಾಗಿ ಮುಂದಕ್ಕೆ ತೇಲುತ್ತದೆ. ಎಡ ಬಲ ಹಿಡಿಗಳನ್ನು ಎಳೆದು ತಿರುಗಬಹುದು. ನೆಲ ಹತ್ತಿರವಾದಾಗ ಎರಡನ್ನೂ ಒಟ್ಟಿಗೆ ಎಳೆದರೆ ವೇಗ ತಗ್ಗಿ, ಮೆಟ್ಟಿಲಿಳಿದಂತೆ ಪಾದ ಊರಬಹುದು.

ಆ ರೆಕ್ಕೆ ಫಟ್ಟನೆ ತೆರೆದುಕೊಂಡರೆ ಒಳ್ಳೆಯದಲ್ಲವೇ ಎಂದು ನಿಮಗೆ ಅನ್ನಿಸಬಹುದು. ಹಾಗೆ ತೆರೆದರೆ ಎಳೆತದ ಹೊಡೆತಕ್ಕೆ ಬಟ್ಟೆ ಹರಿಯಬಹುದು, ಕುತ್ತಿಗೆ ಉಳುಕಬಹುದು. ಅದಕ್ಕಾಗಿ ಹಗ್ಗಗಳಿಗೆ ಪೋಣಿಸಿದ ಚೌಕದ ಬಟ್ಟೆಯೊಂದಿದೆ, ಸ್ಲೈಡರ್ ಎನ್ನುತ್ತಾರೆ. ಮೇಲೆ ಗಾಳಿ ತುಂಬುತ್ತಿದ್ದಂತೆ ಅದು ಹಗ್ಗಗಳ ಗುಂಟ ನಿಧಾನ ಜಾರಿ ಬರುತ್ತದೆ. ಅದು ಜಾರಿದಷ್ಟೇ ರೆಕ್ಕೆ ಹರಡಿಕೊಳ್ಳುತ್ತದೆ.

ಮುಖ್ಯ ಪ್ಯಾರಾಚೂಟ್ ಸಿಕ್ಕುಹಾಕಿಕೊಂಡರೆ? ಅದೇ ಚೀಲದ ಮೇಲರೆಯಲ್ಲಿ ಎರಡನೆಯದಿದೆ, ಅದೇ ರಿಸರ್ವ್. ಆದರೆ ಕೆಟ್ಟ ಮೊದಲನೆಯದನ್ನು ಕಳಚದೆ ಎರಡನೆಯದನ್ನು ತೆರೆದರೆ ಎರಡೂ ಹೆಣೆದುಕೊಳ್ಳಬಹುದು. ಕಳಚುವ ಈ ಕೆಲಸವನ್ನು ಸುಲಭ ಮಾಡಿದ್ದು ಬಿಲ್ ಬೂತ್ ಎಂಬ ಅಮೆರಿಕನ್ 1970ರ ದಶಕದಲ್ಲಿ ತಂದ ಮೂರು ಉಂಗುರಗಳ ಕೊಂಡಿ. ದೊಡ್ಡ ಉಂಗುರದೊಳಗೆ ನಡುವಿನದು, ಅದರೊಳಗೆ ಚಿಕ್ಕದು, ಅದನ್ನು ಹಿಡಿದಿರುವುದು ಬೆರಳುದ್ದದ ದಾರದ ಕುಣಿಕೆ. ಸನ್ನೆಗೋಲಿನಂತೆ ಪ್ರತಿ ಉಂಗುರವೂ ಭಾರವನ್ನು ಇಳಿಸುತ್ತಾ ಹೋಗುವುದರಿಂದ, 100 ಕೆಜಿ ಎಳೆತ ಬಿದ್ದರೂ ಕುಣಿಕೆಗೆ ಮುಟ್ಟುವುದು ಒಂದೆರಡು ಕೆಜಿಯಷ್ಟೇ. ಬಲಗೈ ಹಿಡಿಯನ್ನು ಒಮ್ಮೆ ಎಳೆದರೆ ಕೆಟ್ಟ ಪ್ಯಾರಾಚೂಟ್ ಹಾರಿಹೋಗುತ್ತದೆ. ಎಡಗೈ ಹಿಡಿ ಎಳೆದರೆ ರಿಸರ್ವ್ ತೆರೆಯುತ್ತದೆ. ಆ ರಿಸರ್ವ್ ಅನ್ನು ಮಡಿಸುವ ಅಧಿಕಾರ ಪರವಾನಗಿ ಪಡೆದ ಪರಿಣತರಿಗೆ ಮಾತ್ರ. ಅಮೆರಿಕದಲ್ಲಿ 180 ದಿನಗಳಿಗೊಮ್ಮೆ ಅದನ್ನು ಬಿಚ್ಚಿ, ಪರೀಕ್ಷಿಸಿ, ಮತ್ತೆ ಮಡಿಸಲೇಬೇಕು.

ಎರಡೂ ಕೈಗಳು ಕೆಲಸ ಮಾಡದ ಸ್ಥಿತಿಯೂ ಇದೆ. ಡಿಕ್ಕಿ ಹೊಡೆದು ಪ್ರಜ್ಞೆ ತಪ್ಪಿರಬಹುದು, ಎತ್ತರದ ಅರಿವೇ ಹಾರಿಹೋಗಿರಬಹುದು. ಜರ್ಮನಿಯ ಹೆಲ್ಮುಟ್ ಕ್ಲೋತ್ ಅವರ ಸೈಪ್ರೆಸ್ ಎಂಬ ಸಾಧನ 1991ರಲ್ಲಿ ಬಂದದ್ದು ಇದಕ್ಕಾಗಿ. ಗಾಳಿಯ ಒತ್ತಡದಿಂದ ಎತ್ತರವನ್ನೂ ವೇಗವನ್ನೂ ಅಳೆಯುವ ಪುಟ್ಟ ಗಣಕ ಅದು. ಅನುಭವಿಗಳ ಮಾದರಿಯಲ್ಲಿ, ನೆಲಕ್ಕೆ ಸುಮಾರು 225 ಮೀಟರ್ ಉಳಿದಾಗಲೂ ವೇಗ ಸೆಕೆಂಡಿಗೆ 35 ಮೀಟರಿಗಿಂತ ಹೆಚ್ಚಿದ್ದರೆ, ರಿಸರ್ವ್ ಚೀಲವನ್ನು ಬಿಗಿದ ದಾರವನ್ನು ತಾನೇ ಕತ್ತರಿಸುತ್ತದೆ. ಸೆಕೆಂಡಿಗೆ 55 ಮೀಟರ್ ವೇಗದಲ್ಲಿ ಬೀಳುವವನಿಗೆ ಆಗ ಉಳಿದಿರುವುದು ನಾಲ್ಕೇ ಸೆಕೆಂಡು.

ಇವೆಲ್ಲ ಸೇರಿ ಏನಾಯಿತು? 1970ರ ದಶಕದಲ್ಲಿ ಅಮೆರಿಕದಲ್ಲಿ ಈ ಕ್ರೀಡೆಗೆ ವರ್ಷಕ್ಕೆ ಸರಾಸರಿ 40ಕ್ಕೂ ಹೆಚ್ಚು ಜನ ಬಲಿಯಾಗುತ್ತಿದ್ದರು. 2023ರಲ್ಲಿ ಸುಮಾರು 36 ಲಕ್ಷ ಜಿಗಿತಗಳಿಗೆ ಸತ್ತವರು 10 ಮಂದಿ. ತರಬೇತಿಯ ಪಾಲೂ ಇದರಲ್ಲಿ ದೊಡ್ಡದು. ಆದರೆ ಒಂದೊಂದು ಸಲಕರಣೆಯೂ ಒಂದೊಂದು ಮರೆವಿಗೆ, ಒಂದೊಂದು ತಪ್ಪಿಗೆ ಮದ್ದಾಗಿ ಹುಟ್ಟಿದ್ದು ನಿಜ.

ಈಗ ಕ್ಯಾಮೆರಾಕ್ಕೆ ಬರೋಣ. ಮೇಲೆ ಹೇಳಿದ ಎಲ್ಲ ಸಲಕರಣೆಗಳೂ ಹಾರುವವನಿಗೆ ಕ್ಷಣಗಳನ್ನು ಕೊಡುತ್ತವೆ. ಅವನಿಂದ ಕ್ಷಣಗಳನ್ನು ಕೇಳುವ ಸಲಕರಣೆ ಇದೊಂದೇ.

ಆಕಾಶದಲ್ಲಿ ಕ್ಯಾಮೆರಾ ಹಿಡಿಯಲು ಕೈ ಬಿಡುವಿರುವುದಿಲ್ಲ, ಕೈಗಳೇ ಅಲ್ಲಿ ಚುಕ್ಕಾಣಿ. ಹೀಗಾಗಿ ಕ್ಯಾಮೆರಾ ಹೆಲ್ಮೆಟ್ ಮೇಲೆ ಕೂರುತ್ತದೆ. ಅದರ ಕಿಂಡಿಯೊಳಗೆ ಇಣುಕಲಾಗದ್ದರಿಂದ ಒಂದು ಕಣ್ಣಿನ ಮುಂದೆ ಉಂಗುರದ ಗುರುತುಗಳಿರುವ ಪುಟ್ಟ ಗಾಜು ಇರುತ್ತದೆ. ಗುರುತಿನೊಳಗೆ ಮುಖ ಬಂದರೆ ಚೌಕಟ್ಟಿನೊಳಗೂ ಬಂದಿದೆ ಎಂದರ್ಥ. ಸ್ಥಿರಚಿತ್ರ ತೆಗೆಯುವ ಗುಂಡಿ ಬಾಯೊಳಗಿರುತ್ತದೆ, ಹಲ್ಲಿನಿಂದಲೋ ನಾಲಿಗೆಯಿಂದಲೋ ಒತ್ತುತ್ತಾರೆ. ಹತ್ತಿರಕ್ಕೆ ಎಳೆದು ತೋರಿಸುವ ಜೂಮ್ ಕೆಲಸಕ್ಕೆ ಬಾರದು. ಹತ್ತಿರ ಬೇಕಾದರೆ ದೇಹವೇ ಹತ್ತಿರ ಹೋಗಬೇಕು. ಅದಕ್ಕೆಂದೇ ತೋಳಿನಿಂದ ಸೊಂಟದವರೆಗೆ ಬಟ್ಟೆಯ ರೆಕ್ಕೆಗಳಿರುವ ಅಂಗಿ. ತೋಳು ಚಾಚಿದರೆ ಪತನ ನಿಧಾನ, ಮಡಚಿದರೆ ವೇಗ.

ಇಬ್ಬರು ಜೋಡಿಯಾಗಿ ಬೀಳುವ ಟ್ಯಾಂಡೆಮ್ ಜಿಗಿತದಲ್ಲಿ ಈ ಹೊಂದಾಣಿಕೆ ಇನ್ನೂ ಸೂಕ್ಷ್ಮ. ಇಬ್ಬರ ತೂಕಕ್ಕೆ ವೇಗ ಹೆಚ್ಚುವುದರಿಂದ ಬೋಧಕ ಮೊದಲು ಡ್ರೋಗ್ ಎಂಬ ಪುಟ್ಟ ಪ್ಯಾರಾಚೂಟ್ ಬಿಟ್ಟು, ಒಬ್ಬನೇ ಬೀಳುವ ವೇಗಕ್ಕೆ ಇಳಿಸಿಕೊಳ್ಳುತ್ತಾನೆ. ಛಾಯಾಗ್ರಾಹಕ ಅವರ ನೇರ ಮೇಲೆ ಹೋಗುವಂತಿಲ್ಲ. ಅವರ ಬೆನ್ನ ಮೇಲಿನ ಗಾಳಿ ಕದಡಿರುತ್ತದೆ, ಅದರೊಳಗೆ ಸಿಕ್ಕವನು ದೊಪ್ಪನೆ ಅವರ ಮೇಲೆಯೇ ಬೀಳಬಹುದು. ಅವರ ಪ್ಯಾರಾಚೂಟ್ ಮೇಲೇಳುವ ದಾರಿಯೂ ಅದೇ. ಸೂರ್ಯ ಎಲ್ಲಿದ್ದಾನೆ, ಮುಖ ಚೌಕಟ್ಟಿನಲ್ಲಿದೆಯೇ, ದೂರ ಸರಿಯೇ ಎಂದು ನೋಡುತ್ತಿರುವಾಗಲೂ ಸೆಕೆಂಡಿಗೆ 55 ಮೀಟರ್ ಕಳೆಯುತ್ತಲೇ ಇರುತ್ತದೆ. ಕಿವಿಯ ಬಳಿ ಎತ್ತರ ಎಚ್ಚರಿಸುವ ಸಾಧನ ಕಿರುಚುವುದು ಅದಕ್ಕೇ.

ಆಮೇಲೆ ತೆರೆಯುವ ಕ್ಷಣ. ತಲೆಯ ಮೇಲೆ ಭಾರ ಹೊತ್ತು ಓರೆನೋಟ ಬೀರುತ್ತಿದ್ದರೆ, ಆ ಎಳೆತಕ್ಕೆ ಕುತ್ತಿಗೆ ಪೆಟ್ಟು ತಿನ್ನುತ್ತದೆ. ಹೆಲ್ಮೆಟ್ಟಿನಿಂದ ಚಾಚಿಕೊಂಡ ಯಾವುದೇ ಕೊಕ್ಕೆಗೆ ಹಗ್ಗ ಸಿಕ್ಕಬಹುದು. ಹಗ್ಗ ಸಿಕ್ಕಿದರೆ ಹೆಲ್ಮೆಟ್ಟನ್ನೇ ಕಳಚಿ ಎಸೆಯಲು ಗಲ್ಲದ ಬಳಿ ಬಿಡುಗಡೆಯ ಹಿಡಿ ಇರಬೇಕು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಆಕ್ಷನ್ ಕ್ಯಾಮೆರಾ ಬಂದ ಮೇಲೆ ಭಾರದ ಚಿಂತೆ ಕಳೆಯಿತು, ಹಗ್ಗ ಸಿಕ್ಕುವ ಚಿಂತೆ ಕಳೆಯಲಿಲ್ಲ. ಕ್ಯಾಮೆರಾ ಪುಟ್ಟದಾದಷ್ಟೂ ಅದನ್ನು ಸಲಕರಣೆ ಎಂದೇ ಎಣಿಸದೆ ಅಂಟಿಸಿಕೊಂಡು ಹಾರುವವರು ಹೆಚ್ಚಾದರು.

ಹಾಗೆಂದು ಕ್ಯಾಮೆರಾ ಬೇಡ ಎನ್ನಲಾಗದು. ನಾಲ್ವರು ಕೈಹಿಡಿದು ಆಕಾಶದಲ್ಲಿ ಆಕೃತಿಗಳನ್ನು ಕಟ್ಟುವ ಸ್ಪರ್ಧೆಯಲ್ಲಿ ಐದನೆಯವನಾಗಿ ಛಾಯಾಗ್ರಾಹಕ ತಂಡದ ಸದಸ್ಯನೇ ಆಗಿರುತ್ತಾನೆ. ನೆಲದ ಮೇಲಿನ ತೀರ್ಪುಗಾರರು ಅಂಕ ಕೊಡುವುದು ಅವನ ವಿಡಿಯೊ ನೋಡಿ. ಹೊಸಬರು ತಮ್ಮ ತಪ್ಪು ಕಾಣುವುದೂ ವಿಡಿಯೊದಲ್ಲೇ. ಸಿನಿಮಾಕ್ಕೆ ಬಂದರೆ, 1969ರ 'ದಿ ಜಿಪ್ಸಿ ಮಾತ್ಸ್' ಚಿತ್ರಕ್ಕಾಗಿ ಕಾರ್ಲ್ ಬೇನಿಷ್ ಬೀಳುತ್ತಲೇ ಚಿತ್ರೀಕರಿಸಿದ. 1979ರ ಬಾಂಡ್ ಚಿತ್ರ 'ಮೂನ್‌ರೇಕರ್'ನ ಆರಂಭದ ಪುಟ್ಟ ದೃಶ್ಯಕ್ಕೆ 88 ಜಿಗಿತಗಳು ಬೇಕಾದವು. 2018ರ 'ಮಿಷನ್ ಇಂಪಾಸಿಬಲ್: ಫಾಲ್‌ಔಟ್'ಗಾಗಿ ಟಾಮ್ ಕ್ರೂಸ್ 106 ಬಾರಿ ಹಾರಿದರು, ತಲೆಗೆ ಕ್ಯಾಮೆರಾ ಕಟ್ಟಿಕೊಂಡು ಅವರೆದುರು ಬಿದ್ದವರು ಕ್ರೇಗ್ ಒಬ್ರಾಯನ್. ಆ ಎಣಿಕೆಯಲ್ಲಿ ಒಂದು ಪಾಠವಿದೆ. ಒಳ್ಳೆಯ ದೃಶ್ಯ ಬೇಕೆಂದವರು ಒಂದೇ ಜಿಗಿತದಲ್ಲಿ ಎಲ್ಲವನ್ನೂ ಬಾಚಿಕೊಳ್ಳಲು ಹೋಗಲಿಲ್ಲ, ಮತ್ತೆ ಮತ್ತೆ ಹಾರಿದರು.

ಕ್ಯಾಮೆರಾ ಎಷ್ಟು ಕೇಳಬಲ್ಲದು ಎಂಬುದನ್ನು ತೋರಿಸಿದ್ದು 1988ರ ಏಪ್ರಿಲ್‌ನಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ನಡೆದ ದುರಂತ. 35 ವರ್ಷದ, 800ಕ್ಕೂ ಹೆಚ್ಚು ಜಿಗಿತಗಳ ಅನುಭವಿಯೊಬ್ಬ, ಬೋಧಕ ಮತ್ತು ವಿದ್ಯಾರ್ಥಿಯನ್ನು ಚಿತ್ರೀಕರಿಸಲು ಆ ದಿನದ ಮೂರನೇ ಸಲ ವಿಮಾನದಿಂದ ಹೊರಬಿದ್ದ. ಹೆಲ್ಮೆಟ್ ಮೇಲೆ ಕ್ಯಾಮೆರಾ ಇತ್ತು. ವಿಡಿಯೊ ದಾಖಲಿಸುವ ರೆಕಾರ್ಡರಿನ ಚೀಲ ಇತ್ತು. ಪ್ಯಾರಾಚೂಟ್ ಇರಲಿಲ್ಲ. ಧರಿಸಲು ಮರೆತಿದ್ದ. ಚೀಲದ ಭಾರವೇ ಪ್ಯಾರಾಚೂಟ್ ಬೆನ್ನಿಗಿದೆ ಎಂಬ ಭಾವನೆ ಕೊಟ್ಟಿರಬೇಕು ಎಂಬುದು ಆಗ ಕೇಳಿಬಂದ ವಿವರಣೆ. ಚಿತ್ರಕ್ಕೆ ಬೇಕಾದ ಎಲ್ಲವನ್ನೂ ನೆನಪಿಟ್ಟ ಮನಸ್ಸು ಜೀವಕ್ಕೆ ಬೇಕಾದ ಒಂದನ್ನು ಬಿಟ್ಟಿತು. ಸೈಪ್ರೆಸ್‌ನಂಥ ಗಣಕವಾದರೂ ಏನು ಮಾಡೀತು? ತೆರೆಯಲು ಅಲ್ಲಿ ಏನೂ ಇರಲಿಲ್ಲ.

ಯುನೈಟೆಡ್ ಸ್ಟೇಟ್ಸ್ ಪ್ಯಾರಾಚೂಟ್ ಅಸೋಸಿಯೇಷನ್ ಕ್ಯಾಮೆರಾ ಹೊರುವ ಮುನ್ನ 200 ಜಿಗಿತಗಳಾದರೂ ಆಗಿರಲಿ ಎನ್ನುತ್ತದೆ. ಹೊಸಬರಿಗೆ ಇದು ಅಡ್ಡಿಯಂತೆ ಕಾಣುತ್ತದೆ. ಆದರೆ ಅಡುಗೆಮನೆಯಲ್ಲಿ ಕೈ ಪಳಗಿದವರು ಮಾತಾಡುತ್ತಲೇ ಈಳಿಗೆಮಣೆಯಲ್ಲಿ ತರಕಾರಿ ಹೆಚ್ಚಬಲ್ಲರು. ಹೊಸಬರು ಮಾತಿಗೆ ತಲೆಯೆತ್ತಿದರೆ ಬೆರಳು ಕೊಯ್ದುಕೊಳ್ಳುತ್ತಾರೆ. ಎತ್ತರ ನೋಡುವುದು, ಹಿಡಿ ಎಳೆಯುವುದು, ಸಿಕ್ಕಿದ್ದನ್ನು ಕಳಚುವುದು ಯೋಚಿಸದೆಯೇ ಆಗುವಷ್ಟು ಮೈಗೂಡಿದ ಮೇಲೆ ಮಾತ್ರ, ಕ್ಯಾಮೆರಾಕ್ಕೆ ಕೊಡಲು ಮನಸ್ಸಿನಲ್ಲಿ ಸ್ವಲ್ಪ ಜಾಗ ಮಿಗುತ್ತದೆ. ಇನ್ನೂರು ಎನ್ನುವುದು ಆ ಮಿಗುವ ಜಾಗದ ಲೆಕ್ಕ.

ಇದು ದೂರದೇಶದ ಮಾತೆಂದು ನಾವು ಸುಮ್ಮನಿರುವಂತಿಲ್ಲ. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ, ಕನ್ನಡ ಚಿತ್ರವೊಂದರ ದೃಶ್ಯಕ್ಕಾಗಿ ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ಇಬ್ಬರು ಯುವ ನಟರು ಮುಳುಗಿ ತೀರಿಕೊಂಡರು. ಅವರ ಮೈಮೇಲೆ ಜೀವರಕ್ಷಕ ಜಾಕೆಟ್ ಇರಲಿಲ್ಲ. ಅದು ಸ್ಕೈಡೈವಿಂಗ್ ಆಗಿರಲಿಲ್ಲ, ಆದರೆ ಕ್ಯಾಮೆರಾಕ್ಕಾಗಿ ಹಾರಿದ ಜಿಗಿತವಾಗಿತ್ತು. ದೃಶ್ಯಕ್ಕೆ ಸಿದ್ಧತೆ ಇತ್ತು, ಜೀವಕ್ಕೆ ಇರಲಿಲ್ಲ.

ಕೇಂದ್ರ ಸರ್ಕಾರ 2022ರಲ್ಲಿ ರಾಷ್ಟ್ರೀಯ ವಾಯುಕ್ರೀಡಾ ನೀತಿ ಪ್ರಕಟಿಸಿ ಸ್ಕೈಡೈವಿಂಗನ್ನೂ ಅದರೊಳಗೆ ಸೇರಿಸಿದೆ. ಯಲಹಂಕದ ಏರೋ ಇಂಡಿಯಾದಲ್ಲಿ ವಾಯುಪಡೆಯ ಆಕಾಶಗಂಗಾ ತಂಡ ಇಳಿಯುವುದನ್ನು ನೋಡಿ ನಮ್ಮ ಮಕ್ಕಳೂ ಹಾರುವ ಆಸೆಪಡುತ್ತಾರೆ. ಆಸೆಪಡಲಿ, ಹಾರಲಿ. ಹಣ ಕಟ್ಟುವ ಮುನ್ನ ಮಾತ್ರ ಸಂಘಟಕರನ್ನು ಸಂಕೋಚವಿಲ್ಲದೆ ಕೇಳಿ: ರಿಸರ್ವ್ ಪ್ಯಾರಾಚೂಟನ್ನು ಕೊನೆಯ ಸಲ ಮಡಿಸಿದ್ದು ಯಾವಾಗ, ಯಾರು? ತಾನಾಗಿ ತೆರೆಯುವ ಗಣಕ ಅಳವಡಿಸಿದ್ದಾರೆಯೇ? ಬೋಧಕನ ಪರವಾನಗಿ ಯಾವುದು? ನನ್ನ ಜೊತೆ ಕ್ಯಾಮೆರಾ ಹಿಡಿದು ಬೀಳುವವರು ಎಷ್ಟು ಸಲ ಹಾರಿದ್ದಾರೆ? ವಿಡಿಯೊ ಎಷ್ಟು ನಿಮಿಷದ್ದು ಎಂಬ ಪ್ರಶ್ನೆಯನ್ನು ಇವೆಲ್ಲಕ್ಕೂ ಉತ್ತರ ಸಿಕ್ಕ ಮೇಲೆ ಕೇಳಿ. ಉತ್ತರಿಸಲು ತಡವರಿಸುವವರ ವಿಮಾನ ಹತ್ತಬೇಡಿ.