ಲಾಡಿ ಎಲ್ಲಿ ಕಟ್ತೀರಿ?

ಕರುಳಿನ ಕ್ಯಾನ್ಸರ್ ಅಂದ ಕೂಡಲೇ ಎಲ್ಲರೂ ಕೇಳೋದು ಎರಡೇ ಪ್ರಶ್ನೆ: ಯಾವ ಸ್ಟೇಜು, ಎಷ್ಟು ಕೀಮೋ? ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿದ್ದು ಮಾತ್ರ ಆಪರೇಷನ್ ಹಿಂದಿನ ದಿನ ಸ್ಟೋಮಾ ನರ್ಸ್ ಕೇಳಿದ ಪ್ರಶ್ನೆ: "ಸೀರೆ ಉಡ್ತೀರಾ? ಲಂಗದ ಲಾಡಿ ಎಲ್ಲಿ ಕಟ್ತೀರಿ?"

ಗುದನಾಳದ ಗೆಡ್ಡೆ ತೆಗೆದ ಮೇಲೆ, ಒಳಗಿನ ಹೊಲಿಗೆ ಮಾಯಲಿ ಅಂತ ಕೆಲವರಿಗೆ ಸಣ್ಣ ಕರುಳನ್ನು ಹೊಟ್ಟೆಯ ಮೇಲೆ ತೆರೆದು, ಮಲ ಚೀಲಕ್ಕೆ ಬೀಳುವ ಹಾಗೆ ಮಾಡ್ತಾರೆ. ಅದೇ ಸ್ಟೋಮಾ. ನರ್ಸ್ ನನ್ನನ್ನು ನಿಲ್ಲಿಸಿ, ಕೂರಿಸಿ, ಬಗ್ಗಿಸಿ ನೋಡಿದರು. ಮಡಿಕೆ ಬೀಳದ, ಲಾಡಿ ತಾಗದ, ನನ್ನ ಕಣ್ಣಿಗೆ ಕಾಣುವ ಜಾಗದಲ್ಲಿ ಪೆನ್ನಿನಿಂದ ಗುರುತು ಹಾಕಿದರು. ಜಾಗ ಸರಿ ಇಲ್ಲದಿದ್ದರೆ ಚೀಲ ಸೋರುತ್ತೆ, ಸುತ್ತಲಿನ ಚರ್ಮ ಸುಲಿಯುತ್ತೆ. ಚೀಲ ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡೋದನ್ನೂ ಅವರೇ ಕಲಿಸಿದರು. ಅದರಿಂದಲೇ ನಾನು ಚೀಲ ಇಟ್ಕೊಂಡೇ ಆಫೀಸಿಗೆ ಹೋದೆ, ತಂಗಿ ಮದುವೇಲಿ ಸೀರೆ ಉಟ್ಟೆ.

ಆಮೇಲೆ ಮೂರು ವಾರಕ್ಕೊಮ್ಮೆ ಆಕ್ಸಾಲಿಪ್ಲಾಟಿನ್ ಡ್ರಿಪ್, ಜೊತೆಗೆ 14 ದಿನ ಕೆಪೆಸಿಟಾಬಿನ್ ಮಾತ್ರೆ. ಡ್ರಿಪ್ ಆದ ಕೆಲವು ದಿನ ತಣ್ಣಗಿರೋದು ಮುಟ್ಟಿದರೆ ಬೆರಳಿಗೆ ಕರೆಂಟ್ ಹೊಡೆದ ಹಾಗೆ. ಫ್ರಿಜ್‌ನಿಂದ ಮೊಸರು ತೆಗೆಯೋಕೂ ಕೈಗವಸು ಬೇಕು. ತಣ್ಣೀರು ಕುಡಿದರೆ ಗಂಟಲು ಹಿಡ್ಕೊಳ್ಳುತ್ತೆ. ಮೊದಲೇ ಹೇಳಿದ್ದರಿಂದ ಗಾಬರಿ ಆಗಲಿಲ್ಲ. ಆದರೆ ಈ ಜುಮುಜುಮು ಮುಂದಿನ ಡ್ರಿಪ್‌ವರೆಗೂ ಹೋಗದಿದ್ದರೆ ಸುಮ್ಮನಿರಬಾರದು. ನಾನು ಹೇಳಿದೆ, ಡಾಕ್ಟರ್ ಡೋಸ್ ಇಳಿಸಿದರು. ಹೇಳದೆ ಬಿಟ್ಟರೆ ಕೀಮೋ ಮುಗಿದ ಮೇಲೂ ಬಹಳ ಕಾಲ ಗುಂಡಿ ಹಾಕೋದೇ ಕಷ್ಟ ಆಗಬಹುದು.

"ಸ್ವಲ್ಪ ತಡ್ಕೋಮ್ಮಾ" ಅನ್ನೋದು ನಮ್ಮ ಮನೆಗಳಲ್ಲಿ ಪ್ರೀತಿಯ ಮಾತೇ. ಕೀಮೋದಲ್ಲಿ ಆ ಮಾತು ಅಪಾಯ. ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದ್ರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲಿ ಅಂತ ಕಾಯೋ ಹಾಗಿಲ್ಲ. ಚೀಲ ನೀರುನೀರಾಗಿ ಪದೇಪದೇ ತುಂಬಿದರೂ ಅಷ್ಟೇ, ದೇಹದ ನೀರು, ಉಪ್ಪು ಬೇಗ ಇಳಿದುಹೋಗುತ್ತೆ. ಇಂಥ ಆರೈಕೆಯನ್ನು ಉಪಕಾರ ಅಂದ್ಕೋಬೇಡಿ, ಇದು ಚಿಕಿತ್ಸೆಯದೇ ಭಾಗ. ಎಷ್ಟೋ ಕಡೆ ಕೇಳಿದರೆ ಮಾತ್ರ ಸಿಗುತ್ತೆ.

ನಿಮ್ಮ ಮನೇಲಿ ಯಾರಿಗಾದರೂ ಈ ಚಿಕಿತ್ಸೆ ಶುರುವಾಗೋದಿದ್ದರೆ ಮೂರು ಪ್ರಶ್ನೆ ಫೋನಲ್ಲಿ ಬರೆದಿಟ್ಕೊಂಡು ಹೋಗಿ. ಸ್ಟೋಮಾ ಬರುತ್ತಾ, ಬಂದರೆ ಜಾಗ ಯಾರು ಗುರುತು ಮಾಡ್ತಾರೆ? ಯಾವ ತೊಂದರೆಯನ್ನು ಅವತ್ತೇ ತಿಳಿಸಬೇಕು? ರಾತ್ರಿ ಎರಡು ಗಂಟೆಗೆ ಯಾವ ನಂಬರಿಗೆ ಫೋನ್ ಮಾಡಬೇಕು?