ಮಗನ ಮಕ್ಕಳಿಗೆ ತೆರೆದ ಬಾಗಿಲು, ಮಗಳ ಮಕ್ಕಳಿಗೇಕೆ ಮುಚ್ಚಿದೆ?

ಜೆ.ಆರ್.ಡಿ. ಟಾಟಾ ಅವರ ತಾಯಿ ಸುಜಾನ್ ಬ್ರಿಯೆ ಫ್ರಾನ್ಸಿನವರು. ರತನ್‌ಜಿ ದಾದಾಭಾಯಿ ಟಾಟಾ ಅವರ ಕೈಹಿಡಿದು, ಪಾರ್ಸಿಗಳ ಜರತುಷ್ಟ್ರ ಧರ್ಮಕ್ಕೆ ಸೇರಿಸುವ ನವಜೋತ್ ಸಂಸ್ಕಾರ ಪಡೆದು, ಸೂನಿ ಎಂಬ ಹೆಸರಿನಿಂದ ಪಾರ್ಸಿ ಮನೆ ತುಂಬಿದರು. ಆಕೆಗೆ ಅಗಿಯಾರಿ ಎಂಬ ಅಗ್ನಿಮಂದಿರಕ್ಕೆ ಪ್ರವೇಶವುಂಟೇ, ಸತ್ತರೆ ಶವವಿಡುವ ಗೋಪುರವಾದ ದೊಖ್ಮಾದಲ್ಲಿ ಜಾಗವುಂಟೇ ಎಂಬ ತಕರಾರು ಬಾಂಬೆ ಹೈಕೋರ್ಟಿನ ಮೆಟ್ಟಿಲೇರಿತು. 1908ರಲ್ಲಿ ನ್ಯಾಯಮೂರ್ತಿಗಳಾದ ದಾವರ್ ಮತ್ತು ಬೀಮನ್ ತೀರ್ಪು ಕೊಟ್ಟರು. ದಾವರ್ ಸ್ವತಃ ಪಾರ್ಸಿ. ಜರತುಷ್ಟ್ರ ಧರ್ಮ ಹೊರಗಿನವರನ್ನು ಬೇಡವೆನ್ನದಿದ್ದರೂ, ಭಾರತದ ಪಾರ್ಸಿ ಟ್ರಸ್ಟುಗಳಲ್ಲಿ ಅವರಿಗೆ ಹಕ್ಕಿಲ್ಲ ಎಂಬುದು ತೀರ್ಪಿನ ತಿರುಳು. ಪಾರ್ಸಿ ತಂದೆಗೆ ಹುಟ್ಟಿ ನವಜೋತ್ ಆದ ಮಕ್ಕಳು ಮಾತ್ರ ಪಾರ್ಸಿಗಳೇ ಎಂಬ ಮಾತೂ ಅದರಲ್ಲಿತ್ತು.

ಹೀಗೆ ತಾಯಿ ಹೊರಗುಳಿದರು, ಮಗ ಒಳಗಾದರು. ತಂದೆ ಬೇರೆಯವರಾಗಿ ತಾಯಿ ಪಾರ್ಸಿಯಾಗಿದ್ದರೆ? ಆ ಮಕ್ಕಳಿಗೆ ಹೆಚ್ಚಿನ ಅಗಿಯಾರಿಗಳ ಬಾಗಿಲು ಇಂದಿಗೂ ಮುಚ್ಚಿಯೇ ಇದೆ. ಈ ಸಮುದಾಯದ ಉಳಿವಿನ ಪ್ರಶ್ನೆ ಇರುವುದು ಆ ಬಾಗಿಲಲ್ಲೇ.

1941ರ ಜನಗಣತಿಯಲ್ಲಿ ಪಾರ್ಸಿಗಳ ಸಂಖ್ಯೆ 1 ಲಕ್ಷ 14 ಸಾವಿರ ದಾಟಿತ್ತು. 2001ರಲ್ಲಿ ಅದು 69,601ಕ್ಕೆ ಇಳಿಯಿತು, 2011ರಲ್ಲಿ 57,264ಕ್ಕೆ. ಹತ್ತೇ ವರ್ಷದಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಜನ ಕಡಿಮೆ! ತಡವಾದ ಮದುವೆ, ಮದುವೆಯನ್ನೇ ಬೇಡವೆಂದವರು, ವಿದೇಶಕ್ಕೆ ಹೋದವರು, ಎಲ್ಲವೂ ಸೇರಿ ಹೀಗಾಗಿದೆ. 2013ರಲ್ಲಿ ಕೇಂದ್ರ ಸರ್ಕಾರ 'ಜಿಯೋ ಪಾರ್ಸಿ' ಯೋಜನೆ ತಂದು ಸಂತಾನ ಚಿಕಿತ್ಸೆಗೆ ನೆರವಾಯಿತು. ಅದರಿಂದ ನಾಲ್ಕು ನೂರಕ್ಕೂ ಹೆಚ್ಚು ಮಕ್ಕಳು ಹುಟ್ಟಿದ್ದಾರೆ. ಆ ಮನೆಗಳ ಸಂತೋಷ ದೊಡ್ಡದು. ಆದರೆ ಒಂದು ಕಡೆ ತೊಟ್ಟಿಲು ತೂಗಲು ಹಣ ಕೊಟ್ಟು, ಇನ್ನೊಂದು ಕಡೆ ಮನೆಯ ಮಗಳ ಮಕ್ಕಳನ್ನು ಲೆಕ್ಕದಿಂದ ಬಿಡುವುದು ಯಾವ ನ್ಯಾಯ?

ಕನ್ನಡಿಗರಿಗೆ ಇದು ದೂರದವರ ಮಾತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಬಸವನಗುಡಿ ಬಳಿಯ ಟಾಟಾ ಸಿಲ್ಕ್ ಫಾರ್ಮ್ ಎಂಬ ಬಡಾವಣೆಯ ಹೆಸರೂ ಜಮ್ಷೆಡ್‌ಜಿ ಟಾಟಾ ಅವರ ಕನಸುಗಳಿಂದ ಬಂದವು. ಪಾರ್ಸಿಗಳ ಧರ್ಮಗ್ರಂಥ ಅವೆಸ್ತಾದ 'ಯಸ್ನ' ನಮ್ಮ ಯಜ್ಞ, 'ಹಓಮ' ನಮ್ಮ ಸೋಮ. ನುಡಿಯ ಬೇರು ಅಷ್ಟು ಹತ್ತಿರ.

ಬಾಗಿಲು ತೆರೆದರೆ ತನ್ನತನ ಕರಗೀತೆಂಬ ಸಂಪ್ರದಾಯಸ್ಥರ ಅಂಜಿಕೆಯನ್ನು ತಳ್ಳಿಹಾಕಲಾಗದು. ಇರಾನಿನಿಂದ ಬಂದು ಗುಜರಾತಿನ ಸಂಜಾಣದಲ್ಲಿ ಇಳಿದ ಪುಟ್ಟ ಗುಂಪು ಸಾವಿರ ವರ್ಷ ತನ್ನತನ ಕಾಪಾಡಿಕೊಂಡದ್ದು ಈ ಬಿಗಿಯಿಂದಲೇ. 1742ರಿಂದ ಅದೇ ಗುಜರಾತಿನ ಉದ್ವಾಡದಲ್ಲಿ ನೆಲೆಸಿರುವ ಪವಿತ್ರ ಇರಾನ್‌ಶಾಹ್ ಬೆಂಕಿ ಆರದೆ ಉರಿಯುತ್ತಿರುವುದೂ ಆ ಶ್ರದ್ಧೆಯಿಂದಲೇ.

ಆದರೆ ಬಿಗಿ ಎಂದೂ ಸಡಿಲವಾಗಿಲ್ಲ ಎನ್ನುವಂತಿಲ್ಲ. ಶವವನ್ನು ರಣಹದ್ದುಗಳಿಗೆ ಒಪ್ಪಿಸುವುದು ಅವರ ಪುರಾತನ ಪದ್ಧತಿ. ನೆಲ, ನೀರು, ಬೆಂಕಿ ಮೂರೂ ಮಲಿನವಾಗಬಾರದೆಂಬುದು ಅದರ ಹಿಂದಿನ ಭಾವ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನ್ಯಾಕ್ ಎಂಬ ನೋವಿನ ಔಷಧ ಸತ್ತ ದನಗಳ ಮಾಂಸದ ಮೂಲಕ ಹದ್ದುಗಳ ಹೊಟ್ಟೆ ಸೇರಿ, ಆ ಸಂಕುಲವನ್ನೇ ಬಹುಪಾಲು ಅಳಿಸಿಹಾಕಿತು. 2006ರಲ್ಲಿ ದನಗಳಿಗೆ ಅದರ ಬಳಕೆಯನ್ನು ನಿಷೇಧಿಸುವ ಹೊತ್ತಿಗೆ ಕೈಮೀರಿತ್ತು. ದೊಖ್ಮಾಗಳಿರುವ ಮುಂಬೈನ ಡೂಂಗರ್‌ವಾಡಿಯಲ್ಲಿ ಬಿಸಿಲನ್ನು ಶವದ ಮೇಲೆ ಕೇಂದ್ರೀಕರಿಸುವ ಫಲಕಗಳು ಬಂದವು. ದಹನ ಬಯಸುವ ಪಾರ್ಸಿಗಳಿಗಾಗಿ 2015ರಲ್ಲಿ ವರ್ಲಿಯ ಸ್ಮಶಾನದಲ್ಲಿ ಪ್ರಾರ್ಥನಾ ಮಂದಿರ ತೆರೆಯಿತು. 2022ರಲ್ಲಿ ಪಾರ್ಸಿ ಉದ್ಯಮಿ ಸೈರಸ್ ಮಿಸ್ತ್ರಿ ಅವರ ಅಂತ್ಯಕ್ರಿಯೆ ನಡೆದದ್ದೂ ವರ್ಲಿಯಲ್ಲೇ. ಹದ್ದು ಹೋದಾಗ ದಾರಿ ಹುಡುಕಿಕೊಂಡವರಿಗೆ ಮಗಳಿಗೊಂದು ದಾರಿ ಹುಡುಕುವುದು ಆಗದ ಕೆಲಸವಲ್ಲ.

ವಲ್ಸಾಡಿನಲ್ಲಿ ಅದಕ್ಕೂ ಕೋರ್ಟೇ ಬೇಕಾಯಿತು. ಹಿಂದೂ ಗಂಡನನ್ನು ಮದುವೆಯಾದ ಪಾರ್ಸಿ ಮಹಿಳೆಯೊಬ್ಬರು, ಹೆತ್ತವರ ಅಂತ್ಯಸಂಸ್ಕಾರದಲ್ಲಿ ನಿಲ್ಲುವ ಹಕ್ಕಿಗಾಗಿ ಹೋರಾಡಿದರು. ಮದುವೆಯೊಂದಿಗೆ ಆಕೆ ಗಂಡನ ಧರ್ಮಕ್ಕೆ ಸೇರಿದಂತೆಯೇ ಎಂದು 2012ರಲ್ಲಿ ಗುಜರಾತ್ ಹೈಕೋರ್ಟ್ ಹೇಳಿತು. 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸ್ಥಳೀಯ ಟ್ರಸ್ಟ್ ಒಪ್ಪಿ, ಆಕೆಗೆ ಅವಕಾಶ ಕೊಟ್ಟಿತು. ಆದರೆ ಆಕೆಯಂಥವರೆಲ್ಲರ ಹಕ್ಕಿನ ಮೂಲಪ್ರಶ್ನೆ 2019ರಲ್ಲಿ ಶಬರಿಮಲೆ ವಿವಾದದೊಡನೆ ದೊಡ್ಡ ಪೀಠಕ್ಕೆ ಹೋಯಿತು.

ಅದೇ 2017ರಲ್ಲಿ ಪುಣೆಯಲ್ಲಿ 'ಆಶಾ ವಹಿಷ್ಠ' ಎಂಬ ಪ್ರಾರ್ಥನಾ ಕೇಂದ್ರ ತೆರೆಯಿತು. ಪಾರ್ಸಿ ತಾಯಿಯ ಮಕ್ಕಳೂ ಪಾರ್ಸಿಯಲ್ಲದ ಗಂಡನೂ ಅಲ್ಲಿ ಬೆಂಕಿಯ ಮುಂದೆ ಒಟ್ಟಿಗೆ ನಿಲ್ಲಬಹುದು. ಅದೇ ಕುಟುಂಬ ಉದ್ವಾಡಕ್ಕೆ ಹೋದರೆ ಗಂಡ, ಮಕ್ಕಳು ಬಾಗಿಲಲ್ಲೇ ಕಾಯಬೇಕು.