ಗಡ್ಡೆಯ ಮತ, ಹೊಳೆಯಾಚೆಯ ತೀರ್ಮಾನ

ಗಂಗಾವತಿಯ ಮತದಾರರು 2004ರಿಂದೀಚೆಗೆ ಒಮ್ಮೆ ಕೂರಿಸಿದ ಶಾಸಕರನ್ನು ಸತತ ಎರಡನೇ ಸಲ ಕೂರಿಸಿಲ್ಲ. 2004ರಲ್ಲಿ ಜೆಡಿಎಸ್‌ನ ಇಕ್ಬಾಲ್ ಅನ್ಸಾರಿ, 2008ರಲ್ಲಿ ಬಿಜೆಪಿಯ ಪರಣ್ಣ ಮುನವಳ್ಳಿ, 2013ರಲ್ಲಿ ಮತ್ತೆ ಅನ್ಸಾರಿ, 2018ರಲ್ಲಿ ಮತ್ತೆ ಪರಣ್ಣ. ಈ ಪಾಳಿಯ ಪ್ರಕಾರ 2023 ಅನ್ಸಾರಿಯವರದಾಗಬೇಕಿತ್ತು. ಅಷ್ಟೊತ್ತಿಗೆ ಅವರು ಕಾಂಗ್ರೆಸ್‌ನಲ್ಲಿದ್ದರು, ರಾಜ್ಯದ ಗಾಳಿಯೂ ಅದೇ ಕಡೆ ಬೀಸುತ್ತಿತ್ತು. ನಡುವೆ ಬಂದವರು ಗಾಲಿ ಜನಾರ್ದನ ರೆಡ್ಡಿ. ಬಳ್ಳಾರಿಗೆ ಕಾಲಿಡಬಾರದೆಂಬ ಜಾಮೀನು ಷರತ್ತು ಮೈಮೇಲಿದ್ದುದರಿಂದ ತುಂಗಭದ್ರಾ ಹೊಳೆಯ ಈಚೆ ಗಂಗಾವತಿಯಲ್ಲಿ ಮನೆ ಮಾಡಿದರು. 2022ರ ಡಿಸೆಂಬರ್ 25ರಂದು ಕಲ್ಯಾಣ ರಾಜ್ಯ ಪ್ರಗತಿ ಪಕ್ಷ ಘೋಷಿಸಿದರು. ಐದು ತಿಂಗಳೊಳಗೆ ಫುಟ್‌ಬಾಲ್ ಗುರುತಿನ ಮೇಲೆ 8,266 ಮತಗಳಿಂದ ಗೆದ್ದೂ ಬಿಟ್ಟರು. ಅನ್ಸಾರಿ ಎರಡನೆಯವರಾದರು, ಪರಣ್ಣ ಮೂರನೆಯವರು. ಪಾಳಿ ತಪ್ಪಿದರೂ, ಕೂತವರನ್ನು ಎಬ್ಬಿಸುವ ರೂಢಿ ತಪ್ಪಲಿಲ್ಲ.

ಕೊಪ್ಪಳ ಜಿಲ್ಲೆಯಲ್ಲಿ ಇದು ಗಂಗಾವತಿಯೊಂದರ ಚಾಳಿಯಲ್ಲ. ಕುಷ್ಟಗಿಯಲ್ಲಿ 2013ಕ್ಕೆ ದೊಡ್ಡನಗೌಡ ಪಾಟೀಲ, 2018ಕ್ಕೆ ಅಮರೇಗೌಡ ಬಯ್ಯಾಪುರ, 2023ಕ್ಕೆ ತಿರುಗಿ ದೊಡ್ಡನಗೌಡರು. ಯಲಬುರ್ಗಾದಲ್ಲಿ ರಾಯರಡ್ಡಿ, ಹಾಲಪ್ಪ ಆಚಾರ್, ಮತ್ತೆ ರಾಯರಡ್ಡಿ. ಕೊಪ್ಪಳದ ರಾಘವೇಂದ್ರ ಹಿಟ್ನಾಳರಷ್ಟೇ ಸತತ ಮೂರು ಸಲ ದಡ ಸೇರಿದವರು. ಇದೇ ಕೊಪ್ಪಳ 1991ರ ಲೋಕಸಭೆ ಚುನಾವಣೆಯಲ್ಲಿ ಸಿದ್ದರಾಮಯ್ಯನವರನ್ನೂ ಸೋಲಿಸಿ ಕಳಿಸಿತ್ತು ಎಂದು ಈಗಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ.

ಟಿವಿ ಪಂಡಿತರು ಇಂಥ ಕ್ಷೇತ್ರಗಳಿಗೂ ಒಂದೊಂದು ಪಕ್ಷದ ಬಣ್ಣ ಬಳಿದು ನಕ್ಷೆಯಲ್ಲಿ ತೋರಿಸುತ್ತಾರೆ. ಆ ಬಣ್ಣದ ಹುಚ್ಚು ಅಮೆರಿಕದ್ದು. ಅಲ್ಲಿಯೂ ಅದು ಎಷ್ಟು ಗಟ್ಟಿ ಎಂಬುದಕ್ಕೆ ನ್ಯೂ ಹ್ಯಾಂಪ್‌ಶೈರ್‌ನ ಡಿಕ್ಸ್‌ವಿಲ್ ನಾಚ್ ನೋಡಬೇಕು. ಅಧ್ಯಕ್ಷೀಯ ಚುನಾವಣೆಯ ದಿನ ಮಧ್ಯರಾತ್ರಿ ಹನ್ನೆರಡಕ್ಕೇ ಮತ ಹಾಕಿ ಎಣಿಸಿ ಮುಗಿಸುವ ಊರದು. 2020ರಲ್ಲಿ ಬಿದ್ದ ಐದೂ ಮತ ಬೈಡನ್‌ಗೆ. 2024ರಲ್ಲಿ ಆರು ಮತ, ಕಮಲಾ ಹ್ಯಾರಿಸ್‌ಗೆ ಮೂರು, ಟ್ರಂಪ್‌ಗೆ ಮೂರು. ಆ ಆರರಲ್ಲಿ ನಾಲ್ವರು ರಿಪಬ್ಲಿಕನ್ ಎಂದು ಹೆಸರು ನೋಂದಾಯಿಸಿದವರು! ಆರು ಜನರ ಮನಸ್ಸೇ ಪಟ್ಟಿಯಲ್ಲಿ ಬರೆದಿಟ್ಟಂತೆ ನಡೆಯದಿರುವಾಗ, ಪಟ್ಟಿಯೇ ಇಲ್ಲದ ನಮ್ಮಲ್ಲಿ ಬಣ್ಣ ಹುಡುಕಿ ಏನು ಸಿಗುತ್ತದೆ? ನಮ್ಮ ಕಡೆ ಕೇಳುವುದೂ ‘ಈ ಸಲ ಯಾರು ಬರ್ತಾರ್ರಿ?’ ಎಂದು. ಪಕ್ಷದ ಮಾತು ಆಮೇಲಿನದು. ಅನ್ಸಾರಿ ತೆನೆ ಹೊತ್ತ ಮಹಿಳೆಯ ಗುರುತು ಬಿಟ್ಟು ಕೈ ಹಿಡಿದಾಗ ಅವರ ಹಿಂದಿನ ಮತಗಳೂ ಬಹುಪಾಲು ಅವರೊಂದಿಗೇ ಹೋದವು ಎನ್ನುವುದು ನನ್ನ ಅಂದಾಜು.

ಆದರೆ ಹೀಗೆ ಕೂತವರನ್ನು ಎಬ್ಬಿಸುವುದರಿಂದ ಬಂದದ್ದೇನು? ಇದಕ್ಕೆ ವಿರೂಪಾಪುರಗಡ್ಡೆಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಎದುರಿಗೆ ಹಂಪಿಯ ವಿರೂಪಾಕ್ಷನ ಗೋಪುರ, ನಡುವೆ ತುಂಗಭದ್ರೆ, ಈಚೆ ಭತ್ತದ ಗದ್ದೆ, ಬಾಳೆ ತೋಟ. ಕ್ಷೇತ್ರದ ಅಂಚಿನ ಊರು. ಪ್ರವಾಸಿಗರು ಬರತೊಡಗಿದ ಮೇಲೆ ಗದ್ದೆಯಂಚಿನಲ್ಲಿ ಗುಡಿಸಲು ಎದ್ದವು, ಹೀಬ್ರೂ ಅಕ್ಷರದ ಬೋರ್ಡು ಬಿದ್ದವು, ಬೈಕು ಬಾಡಿಗೆ ಶುರುವಾಯಿತು. ಊಟಕ್ಕೆ ಹಾಸಿದ ಗಾದಿಯ ಮೇಲೆ ಇಸ್ರೇಲಿನ ಹುಡುಗರು ಇಡೀ ದಿನ ಕಾಲು ಚಾಚಿ ಬಿದ್ದಿರುತ್ತಿದ್ದರು. ಅಡುಗೆಗೆ, ಕಸ ಬಳಿಯಲಿಕ್ಕೆ, ಹರಿಗೋಲು ಹುಟ್ಟು ಹಾಕಲಿಕ್ಕೆ ಸುತ್ತಲಿನವರಿಗೆ ಕೆಲಸವಿತ್ತು.

ಕಾನೂನು ಮಾತ್ರ ಮೊದಲಿನಿಂದಲೂ ಬೇರೆಯೇ ಹೇಳುತ್ತಿತ್ತು. 1988ರ ಅಧಿಸೂಚನೆಯಲ್ಲೇ ಗಡ್ಡೆ ಸಂರಕ್ಷಿತ ಪ್ರದೇಶ. 2002ರ ಕಾಯ್ದೆಯಿಂದ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಬಂತು. ಅನುಮತಿಯಿಲ್ಲದ ಕಟ್ಟಡಗಳ ತೆರವಿಗೆ 2015ರಲ್ಲಿ ಹೈಕೋರ್ಟ್ ಒಪ್ಪಿತು, 2020ರ ಫೆಬ್ರುವರಿ 11ರಂದು ಸುಪ್ರೀಂ ಕೋರ್ಟ್ ಎತ್ತಿಹಿಡಿದು ಒಂದು ತಿಂಗಳ ಗಡುವು ಕೊಟ್ಟಿತು. ಮಾರ್ಚ್‌ನಲ್ಲಿ ಜೆಸಿಬಿಗಳು ಬಂದವು. ಆಗ ಶಾಸಕ ಪರಣ್ಣ, ಸಂಸದ ಕರಡಿ ಸಂಗಣ್ಣ, ಮುಖ್ಯಮಂತ್ರಿ ಯಡಿಯೂರಪ್ಪ. ಮೂವರೂ ಒಂದೇ ಪಕ್ಷ, ದಿಲ್ಲಿಯಲ್ಲೂ ಅದೇ ಪಕ್ಷ. ಹೈಕೋರ್ಟ್ ತೀರ್ಪಿನ ಹೊತ್ತಿಗೆ ಶಾಸಕರು ಜೆಡಿಎಸ್, ಸರ್ಕಾರ ಕಾಂಗ್ರೆಸ್ ಇತ್ತು. ಯಾವ ಹೊಂದಾಣಿಕೆಯೂ ಗಡ್ಡೆಯ ಪಾಲಿಗೆ ವ್ಯತ್ಯಾಸ ಮಾಡಲಿಲ್ಲ.

ಕೋರ್ಟು ತಪ್ಪು ಮಾಡಿತೆಂದು ನಾನು ಹೇಳುತ್ತಿಲ್ಲ. ಅನುಮತಿಯಿಲ್ಲದೆ ಕಟ್ಟಿದ್ದು ಉಳಿಯಬಾರದು. ನನ್ನ ತಕರಾರು ರಾಜಕಾರಣಿಗಳ ಮೇಲೆ. ಅಲ್ಲಿ ದುಡಿಯುತ್ತಿದ್ದವರ ಮುಂದಿನ ದಾರಿಯ ಬಗ್ಗೆ 2023ರ ಯಾವ ವೇದಿಕೆಯಲ್ಲೂ ದೊಡ್ಡ ದನಿ ಕೇಳಲಿಲ್ಲ. ಹತ್ತಿರದಲ್ಲೇ ಇರುವ ಅಂಜನಾದ್ರಿ ಬೆಟ್ಟಕ್ಕೆ 2022ರ ಬಜೆಟ್‌ನಲ್ಲಿ ಆಗಿನ ಮುಖ್ಯಮಂತ್ರಿ ಬೊಮ್ಮಾಯಿ ನೂರು ಕೋಟಿ ಘೋಷಿಸಿದ್ದರು. ಎಲ್ಲರ ಬಾಯಲ್ಲೂ ಅದೇ. ಅಲ್ಲಿನ 575 ಮೆಟ್ಟಿಲು ಹತ್ತಿದವರು ಮೇಲಿಂದ ಗಡ್ಡೆಯ ಕಡೆ ನೋಡಿದರೂ ಸಾಕಿತ್ತು.

ರೆಡ್ಡಿಯವರು 2024ರ ಮಾರ್ಚ್‌ನಲ್ಲಿ ಪಕ್ಷವನ್ನು ಬಿಜೆಪಿಯಲ್ಲಿ ಕರಗಿಸಿದರು. 2025ರ ಮೇ 6ರಂದು ಓಬಳಾಪುರಂ ಅಕ್ರಮ ಗಣಿಗಾರಿಕೆ ಪ್ರಕರಣದಲ್ಲಿ ಏಳು ವರ್ಷದ ಶಿಕ್ಷೆಯಾಗಿ ಶಾಸಕತ್ವ ಹೋಯಿತು, ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟ್ ಶಿಕ್ಷೆ ಅಮಾನತಿನಲ್ಲಿಟ್ಟ ಮೇಲೆ ವಾಪಸ್ ಬಂತು. ಗೆದ್ದವರು, ಸೋತ ಪರಣ್ಣ ಇಬ್ಬರೂ ಈಗ ಒಂದೇ ಪಕ್ಷದ ಅಂಗಳದಲ್ಲಿರುವುದರಿಂದ 2028ರ ಟಿಕೆಟ್ ಯಾರಿಗೆ ಎಂಬುದೇ ಪೇಟೆಯ ಕುತೂಹಲ. ಗಡ್ಡೆಯವರಿಗೂ ಪಕ್ಕದ ಸಾಣಾಪುರದವರಿಗೂ ಅದಕ್ಕಿಂತ ತುರ್ತಿನ ಪ್ರಶ್ನೆಗಳಿವೆ. ತಮ್ಮ ಹೊಲದಲ್ಲಿ ಕಾಯ್ದೆಯೊಳಗೇ ನಾಲ್ಕು ಕೋಣೆಯ ಹೋಮ್‌ಸ್ಟೇ ಮಾಡಲು ಅನುಮತಿ ಸಿಗುತ್ತದೆಯೇ? ಸಿಗುವುದಾದರೆ ಅರ್ಜಿ ಎಷ್ಟು ದಿನದಲ್ಲಿ ಇತ್ಯರ್ಥವಾಗಬೇಕು, ಯಾರ ಸಹಿಯಿಂದ? ಹೊಳೆಯಾಚೆಯ ಪ್ರಾಧಿಕಾರದಲ್ಲಿ ಈಚೆ ದಡದ ಹಳ್ಳಿಗಳ ಪರವಾಗಿ ಮಾತಾಡುವವರು ಯಾರು? ಟಿಕೆಟ್ ಕೇಳುವ ಇಬ್ಬರನ್ನೂ, ಅನ್ಸಾರಿಯವರನ್ನೂ ಪಂಚಾಯಿತಿ ಕಟ್ಟೆಗೆ ಕರೆದು ಇದನ್ನು ಕೇಳಲಿ, ಉತ್ತರವನ್ನು ಬರೆಸಿಕೊಳ್ಳಲಿ.